ಡಿಗ್ರಿ ಇಲ್ಲದ ಇಂಜಿನಿಯರ್ ಕಟ್ಟಿದ ದೀಪಸ್ತಂಭ

1755. ಇಂಗ್ಲೆಂಡಿನ ಪ್ಲಿಮತ್ ಬಂದರಿನಾಚೆ, ಎಡ್ಡಿಸ್ಟೋನ್ ಬಂಡೆಯ ಮೇಲಿದ್ದ ದೀಪಸ್ತಂಭ ಸುಟ್ಟುಹೋಯ್ತು. ಅದಕ್ಕೂ ಹಿಂದಿನದನ್ನು 1703ರ ಬಿರುಗಾಳಿ, ಕಟ್ಟಿದವನ ಸಮೇತ ಹೊತ್ತುಕೊಂಡು ಹೋಗಿತ್ತು!

ಈ ಸಲ ಕೆಲಸ ಬಂದದ್ದು ಜಾನ್ ಸ್ಮೀಟನ್ ಕೈಗೆ. ವಕೀಲರ ಮಗ. ಕಾನೂನು ಬಿಟ್ಟು ವೈಜ್ಞಾನಿಕ ಉಪಕರಣ ತಯಾರಿಸ್ತಿದ್ದವನು. ಇಂಜಿನಿಯರಿಂಗ್ ಡಿಗ್ರಿ? ಆಗ ಇಂಗ್ಲೆಂಡಿನಲ್ಲಿ ಅಂಥದ್ದೇ ಇರಲಿಲ್ಲ.

ದೊಡ್ಡ ತಲೆನೋವು ಗಾರೆಯದ್ದು. ಅಲೆ ಹೊಡೀತಾ ಇದ್ರೂ ಅದು ಗಟ್ಟಿಯಾಗಬೇಕು. ಸ್ಮೀಟನ್ ಬೇರೆ ಬೇರೆ ಕಡೆಯ ಸುಣ್ಣಕಲ್ಲು ತರಿಸಿ, ಆಸಿಡ್‌ನಲ್ಲಿ ಕರಗಿಸಿ ನೋಡಿದ. ಸಿಕ್ಕ ಉತ್ತರ ಮಜವಾಗಿದೆ: ಶುದ್ಧ ಸುಣ್ಣಕಲ್ಲಲ್ಲ, ಜೇಡಿಮಣ್ಣು ಬೆರೆತದ್ದೇ ನೀರಲ್ಲಿ ಬಿಗಿಯಾಗೋದು! ಅದಕ್ಕೆ ಇಟಲಿಯ ಜ್ವಾಲಾಮುಖಿ ಬೂದಿ ಸೇರಿಸಿದ. ಬಡಗಿ ಹಲಗೆಗೆ ಕಚ್ಚು ಹಾಕೋ ಹಾಗೆ ಕಲ್ಲುಗಳನ್ನೇ ಒಂದಕ್ಕೊಂದು ಕಚ್ಚಿಸಿದ. 1759ರಲ್ಲಿ ದೀಪ ಹತ್ತಿತು. ನೂರಕ್ಕೂ ಹೆಚ್ಚು ವರ್ಷ ಉರೀತು. ಕೊನೆಗೆ ಸವೆದದ್ದು ಕೆಳಗಿನ ಬಂಡೆ, ಗೋಪುರ ಅಲ್ಲ.

1771ರಲ್ಲಿ ಸ್ಮೀಟನ್ ಮತ್ತು ಜೊತೆಯವರು ಲಂಡನ್ನಿನಲ್ಲಿ ಸಿವಿಲ್ ಇಂಜಿನಿಯರುಗಳ ಸೊಸೈಟಿ ಕಟ್ಟಿದರು. ನನ್ನ ಕೇಳಿದ್ರೆ, ಅದು ಹಿರಿಯರ ಊಟದ ಕ್ಲಬ್ಬೇ ಸರಿ. ಹೊಸಬರು ಕಲಿಯೋದೆಲ್ಲಿ? 1818ರಲ್ಲಿ ಕೆಲವು ಯುವಕರು ಕಾಫಿ ಹೌಸ್‌ನಲ್ಲಿ ಕೂತು ತಮ್ಮದೇ ಸಂಸ್ಥೆ ಶುರುಮಾಡಿದರು: ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಇಂಜಿನಿಯರ್ಸ್. ಅದು ಕುಂಟುತ್ತಾ ಇದ್ದಾಗ, 1820ರಲ್ಲಿ ಥಾಮಸ್ ಟೆಲ್‌ಫರ್ಡ್‌ರನ್ನು ಅಧ್ಯಕ್ಷರಾಗಿ ಕರೆತಂದರು. ರಸ್ತೆ, ಸೇತುವೆ, ಕಾಲುವೆಗಳಿಗೆ ಹೆಸರಾದವರು, ಆದರೆ ಕಲ್ಲುಕುಟಿಗರಾಗಿ ಬದುಕು ಶುರುಮಾಡಿದವರು. ಎಂಟು ವರ್ಷದಲ್ಲಿ, ಅವರ ಕಾಲದಲ್ಲೇ, ಸಂಸ್ಥೆಗೆ ರಾಜನ ಸನದು ಸಿಕ್ಕಿತು.