ಆ ರಾಗದ ಖಾತೆಯಲ್ಲಿ ಯಾರ ಹೆಸರು?

ಅಕೌಂಟೆನ್ಸಿ ತರಗತಿಯಲ್ಲಿ ಗುಡ್‌ವಿಲ್ ಬಗ್ಗೆ ಒಂದು ನಿಯಮ ಕಲಿತೆವು. ಅಂಗಡಿಯೊಂದು ತಾನೇ ಗಳಿಸಿದ ಒಳ್ಳೆಯ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಮಾತ್ರ ಬರೆಯುತ್ತಾರೆ. ಒಂದು ಪಿಟೀಲು ರಾಗದ ಕಥೆ ಓದಿದಾಗ ನನಗೆ ಈ ನಿಯಮವೇ ನೆನಪಾಯಿತು.

ರಾಗದ ಹೆಸರು ‘ಬೋನಪಾರ್ಟ್ಸ್ ರಿಟ್ರೀಟ್’, ಅಂದರೆ ನೆಪೋಲಿಯನ್ ಬೋನಪಾರ್ಟ್ ಸೋತು ಹಿಂದೆ ಸರಿದದ್ದು. ಅಮೆರಿಕದ ದಕ್ಷಿಣ ಭಾಗದ ಹಳ್ಳಿಗರು ಇದನ್ನು ಕಿವಿಯಿಂದಲೇ ಕಲಿತು ನುಡಿಸುತ್ತಿದ್ದರು. ಮೊದಲು ಕಟ್ಟಿದವರ ಹೆಸರು ಉಳಿದಿಲ್ಲ. 1924ರಲ್ಲಿ ಜಾರ್ಜಿಯಾದ ಎ. ಎ. ಗ್ರೇ ಇದನ್ನು ರೆಕಾರ್ಡ್ ಮಾಡಿದರು. ಸಾಮಾನ್ಯವಾಗಿ ಇದನ್ನು ಸೈನಿಕರ ನಡಿಗೆಯಂತೆ ನಿಧಾನವಾಗಿ ನುಡಿಸುತ್ತಿದ್ದರು.

ಕೆಂಟಕಿಯ ಬಿಲ್ ಸ್ಟೆಪ್ ಹಾಗೆ ನುಡಿಸಲಿಲ್ಲ. ಅವರ ಕೈಯಲ್ಲಿ ಅದು ಕುಣಿತದ ರಾಗವಾಗಿ ಓಡಿತು. 1937ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಪತ್ನಿ ಎಲಿಜಬೆತ್ ಸೇಲಿಯರ್ಸ್‌ವಿಲ್ ಊರಿಗೆ ಬಂದು, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅದನ್ನು ಡಿಸ್ಕಿನಲ್ಲಿ ದಾಖಲಿಸಿಕೊಂಡರು. ರೂತ್ ಕ್ರಾಫರ್ಡ್ ಸೀಗರ್ ಆ ಡಿಸ್ಕ್ ಕೇಳಿ ಸ್ವರಗಳನ್ನು ಬರೆದರು. 1941ರಲ್ಲಿ ‘ಅವರ್ ಸಿಂಗಿಂಗ್ ಕಂಟ್ರಿ’ ಎಂಬ ಪುಸ್ತಕದಲ್ಲಿ ಅವು ಅಚ್ಚಾದವು.

ಮರುವರ್ಷ ಸಂಗೀತಕಾರ ಆರನ್ ಕೋಪ್ಲಂಡ್ ‘ರೋಡಿಯೋ’ ಎಂಬ ಬ್ಯಾಲೆಗೆ ಸಂಗೀತ ಬರೆದರು. ಅದರ ‘ಹೋ-ಡೌನ್’ ಭಾಗದ ಮುಖ್ಯ ರಾಗ ಸ್ಟೆಪ್ ನುಡಿಸಿದ್ದೇ. ವೇಗವೂ ಅದೇ, ತಿರುವುಗಳೂ ಅವೇ. ಮುಂದೆ 1972ರಲ್ಲಿ ಒಂದು ರಾಕ್ ತಂಡ ಅದನ್ನು ನುಡಿಸಿತು. ಟಿ.ವಿ. ಜಾಹೀರಾತಿನಲ್ಲೂ ಅದು ಬಂತು. ಕೇಳಿದವರು ಕೋಪ್ಲಂಡ್ ರಾಗ ಎಂದರು. ಸ್ಟೆಪ್ 1957ರಲ್ಲಿ ತೀರಿಕೊಂಡರು.

ಕೋಪ್ಲಂಡ್ ಕದ್ದರು ಎಂದು ನಾನು ಹೇಳುತ್ತಿಲ್ಲ. ಹಳೆಯ ರಾಗ ಎಲ್ಲರದು. ಆದರೆ ಅದನ್ನು ಓಡಿಸಿದ ಕೈ ಒಬ್ಬರದು. ಆ ಡಿಸ್ಕ್ ಇಲ್ಲದಿದ್ದರೆ ಇಂದು ನಾವು ಅದನ್ನು ಹೇಳಲೂ ಆಗುತ್ತಿರಲಿಲ್ಲ. ಲೆಕ್ಕದಲ್ಲಿ ವೋಚರ್ ಇದ್ದ ಹಾಗೆ ಅದು ಸಾಕ್ಷಿ. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಅದನ್ನು ಸೇರಿಸಿದರು, ಸ್ಟೆಪ್ ಹೆಸರಿನಲ್ಲೇ.

ನಮ್ಮ ನಾನಿ ಮದುವೆಮನೆಯಲ್ಲಿ ಹಳದಿ ಹಚ್ಚುವಾಗ ದಖನಿಯಲ್ಲಿ ಹಾಡುತ್ತಾರೆ. “ಯಾರು ಕಟ್ಟಿದ್ದು?” ಎಂದು ಕೇಳಿದರೆ, “ಅಮ್ಮೀಜಾನ್ ಹಾಡ್ತಿದ್ರು” ಎನ್ನುತ್ತಾರೆ, ಅಷ್ಟೇ. ಕಳೆದ ಭಾನುವಾರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಫೈಲಿಗೆ ಅವರ ಹೆಸರು, ಊರು, ತಾರೀಖು ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಹಾಡುವವರು ಇದ್ದಾರಲ್ಲವೇ?