ಕೋಟೆ ಬಾಗಿಲು ತೆರೆಯುವ ಮುಂಚೆ

ಟಿವಿಯಲ್ಲಿ ಹೊಡೆದಾಟ ಬಂದರೆ ಕಣ್ಣು ಮಿಟುಕಿಸದೆ ನೋಡ್ತೀರಿ.
ಅದೇ ಹೊಡೆದಾಟ ಕಥೆಯಲ್ಲಿ ಬಂದರೆ ಪುಟ ಹಾರಿಸ್ತೀರಿ.
ಯಾಕೆ?

ಬನ್ನಿ, ಕಿತ್ತೂರಿಗೆ ಹೋಗೋಣ.
1824, ಅಕ್ಟೋಬರ್ 23.
ಕೋಟೆ ಬಾಗಿಲು ಮುಚ್ಚಿದೆ.
ಹೊರಗೆ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ, ತೋಪುಗಳ ಜೊತೆ.
ಒಳಗೆ ರಾಣಿ ಚೆನ್ನಮ್ಮ.

ಬಾಗಿಲು ತೆರೆಯಿತು.
ರಾಣಿಯ ಸೈನ್ಯ ಹೊರಗೆ ನುಗ್ಗಿತು.
ರಾಣಿಯ ಕಡೆಯ ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ.

ಇಂಥ ದೃಶ್ಯ ಟಿವಿಯಲ್ಲಿ ಬಂದಾಗ,
ನೀವು ಕಥೆ ಬರೆಯೋರಾದರೆ, ಕತ್ತಿ ನೋಡಬೇಡಿ.
ಅದಕ್ಕೂ ಮುಂಚಿನದ್ದು ನೋಡಿ.
ಬಾಗಿಲ ಅಗಳಿ ಮೇಲಿನ ಕೈ.
ಕಿವಿ ನಿಮಿರಿಸಿದ ಕುದುರೆ.

ಸವದತ್ತಿ, ರಾಮದುರ್ಗದ ಜೋಳದ ಹೊಲದಲ್ಲಿ
ಹಕ್ಕಿ ಕಾಯೋರು ಕವಣೆ ಬೀಸೋದು ನೋಡಿದ್ದೀರಲ್ಲ?
ತಲೆ ಮೇಲೆ ಸುತ್ತುತ್ತೆ, ಸುತ್ತುತ್ತೆ.
ಕಲ್ಲು ಬಿಡೋದು ಒಂದೇ ಕ್ಷಣ.
ಕಥೆಯ ಹೊಡೆದಾಟವೂ ಹಾಗೇ.
ಬಲ ಇರೋದು ಆ ಸುತ್ತಿನಲ್ಲಿ.

ಟಿವಿಗೆ ಹಿನ್ನೆಲೆ ಸಂಗೀತ ಇದೆ.
ನಿಮಗೆ ವಾಕ್ಯದ ಉದ್ದ ಇದೆ.
ಕಾಯುವಾಗ ಉದ್ದ ವಾಕ್ಯ, ಉಸಿರು ಹಿಡಿದು ಓದುವಂಥದ್ದು.
ಬಾಗಿಲು ತೆರೆದ ಮೇಲೆ, ತುಂಡು ವಾಕ್ಯ.

ಇನ್ನೊಂದು ಮಾತು. ನನಗೆ ಇದೇ ಮುಖ್ಯ.
ಎಪಿಸೋಡು ಗೆಲುವಿಗೆ ನಿಲ್ಲಬಹುದು.
ಚೆನ್ನಮ್ಮನ ಕಥೆ ಅಲ್ಲಿ ನಿಲ್ಲಲಿಲ್ಲ.
ಡಿಸೆಂಬರ್‌ನಲ್ಲಿ ಕೋಟೆ ಬಿತ್ತು.
ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು.
1829ರಲ್ಲಿ ರಾಣಿ ಅಲ್ಲೇ ತೀರಿಕೊಂಡರು.

ಆ ಸೆರೆಯ ವರ್ಷಗಳಲ್ಲಿ ಕತ್ತಿ ಇಲ್ಲ, ಕುದುರೆ ಇಲ್ಲ.
ಕ್ಯಾಮೆರಾ ಅಲ್ಲಿ ಬೇಗ ದಾಟಿಬಿಡುತ್ತೆ.
ನೀವು ದಾಟಬೇಡಿ.
ಯುದ್ಧ ಕಂಡ ಒಬ್ಬ ಹೆಣ್ಣುಮಗಳು ಗೋಡೆಯೊಳಗೆ ದಿನ ಹೇಗೆ ಕಳೆದಳು?
ಅದನ್ನ ಬರೀರಿ.
ಬೈಲಹೊಂಗಲದಲ್ಲಿ ಅವರ ಸಮಾಧಿ ಇದೆ.
ಬರೆಯೋಕೆ ಕೂರುವ ಮುಂಚೆ ಒಮ್ಮೆ ಹೋಗಿ ಬನ್ನಿ.