ಹುಣ್ಣಿನ ಆಳ, ರೋಗಿಯ ಬಾಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಕುಟುಂಬಗಳಲ್ಲಿ ಪಾರ್ಶ್ವವಾಯುವಿನಿಂದಲೋ ವೃದ್ಧಾಪ್ಯದಿಂದಲೋ ಹಾಸಿಗೆ ಹಿಡಿದವರ ಶುಶ್ರೂಷೆ ಬಹುಮಟ್ಟಿಗೆ ಮನೆಯವರ ಹೊಣೆ. ಪೃಷ್ಠ, ಸೊಂಟ, ಹಿಮ್ಮಡಿಗಳಲ್ಲಿ ಸತತ ಒತ್ತಡದಿಂದ ರಕ್ತಸಂಚಾರ ಕುಂದಿ ಆಗುವ ಹಾಸಿಗೆ ಹುಣ್ಣನ್ನು ವೈದ್ಯರು ನಾಲ್ಕು ಹಂತಗಳಾಗಿ ಗುರುತಿಸಿ, ಉದ್ದಗಲಗಳನ್ನು ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ. ಆದರೆ ರೋಗಿಯ ಬಾಳನ್ನು ಅಳೆಯುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ರೂಪಿಸಿದ ಜೀವನಗುಣಮಟ್ಟದ ಪ್ರಶ್ನಾವಳಿಯ ಸಿದ್ಧತೆಯಲ್ಲಿ ದೆಹಲಿ, ಮದರಾಸು ಕೇಂದ್ರಗಳೂ ಪಾಲ್ಗೊಂಡಿದ್ದವು. ಅದರ ಸಂಕ್ಷಿಪ್ತ ರೂಪದ 26 ಪ್ರಶ್ನೆಗಳು ದೇಹ, ಮನಸ್ಸು, ಬಾಂಧವ್ಯ, ಪರಿಸರಗಳನ್ನು ಕುರಿತವು. ಹುಣ್ಣಿನ ವಾಸನೆಯ ಬಗ್ಗೆ ಒಂದೂ ಇಲ್ಲ. ಆ ಕೊರತೆಯನ್ನು ನೀಗಿದ್ದು ಇಂಗ್ಲೆಂಡಿನ ಲೀಡ್ಸ್‌ನ ಸಂಶೋಧಕರು. ರೋಗಿಗಳನ್ನೇ ಮಾತನಾಡಿಸಿ ಅವರು 2013ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವು, ಸ್ರಾವ, ನಿದ್ರೆ, ಚಲನೆಗಳೊಂದಿಗೆ ವಾಸನೆಯೂ ಸಂಕೋಚವೂ ಸೇರಿವೆ.

ವಾಸನೆಯ ಪ್ರಶ್ನೆಯೇ ಮುಖ್ಯವೆಂದು ನನಗೆ ತೋರುತ್ತದೆ. ನೆಂಟರು ಬಂದೊಡನೆ ಗೋಡೆಯತ್ತ ಮುಖ ತಿರುಗಿಸುವ ಅಜ್ಜಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿರಬಹುದು. ಅವರ ಪರವಾಗಿ "ಪರವಾಗಿಲ್ಲ" ಎಂದು ಮನೆಯವರೇ ಉತ್ತರಿಸುವುದು ನಮ್ಮ ರೂಢಿ. ಈ ಮಾಪನದಲ್ಲಾದರೋ ಉತ್ತರ ರೋಗಿಯದೇ ಆಗಿರಬೇಕು; ಓದಲಾರದವರಿಗೆ ಪ್ರಶ್ನೆಯನ್ನು ಓದಿ ಹೇಳಬಹುದು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಳೆಯ ಪದ್ಧತಿ. ಚರ್ಮಕ್ಕೆ ಹಿತವಾದ ಅದೇ ಕ್ರಮ ರಾತ್ರಿಯ ನಿದ್ರೆಯನ್ನು ಕೆಡಿಸೀತು, ಹುಣ್ಣು ಅಳೆಯುವ ಪಟ್ಟಿಗೆ ಅದು ಕಾಣದು. ಒತ್ತಡವನ್ನು ಹರಡುವ ಹಾಸಿಗೆಯಿದ್ದರೆ ರಾತ್ರಿಯ ಅಂತರವನ್ನು ಹೆಚ್ಚಿಸಬಹುದೇ ಎಂದು ವೈದ್ಯರನ್ನು ವಿಚಾರಿಸಿರಿ. ಅದಕ್ಕೆ ಮುನ್ನ, ನಿದ್ರೆ ಬಂತೇ ಎಂದು ರೋಗಿಯನ್ನು.